ಪಲ್ಲಂಗದ ಪಿಸ್ಟನ್ನಿಗೆ "ಜೋರಿಂದು" ಅನ್ನೂ ಅಳತಿ ಇಲ್ಲ

ಹೈಡ್ರಾಲಿಕ್ ಪಲ್ಲಂಗದ ಹಲಗಿ ಕೈ ಬಿಟ್ಟ ಕೂಡಲೇ ಧಡ್ ಅಂತ ಬೀಳ್ಲಿಕ್ಕೆ ಹತ್ತಿತು ಅಂದ್ರ ನಮ್ಮ ಮನಿಗಳೊಳಗ ಮೂರು ಮಾತು ಕೇಳಿಸ್ತಾವ. ಮೊದಲನೇದು ಗಂಡಸರದು: "ಒಳಗ ಅಷ್ಟು ತುಂಬಬ್ಯಾಡ ಅಂದ್ರ ಕೇಳ್ತೀಯೇನು?" ಎರಡನೇದು ಅಂಗಡಿಯವನದು: "ಈ ಸಲ ಜೋರಿಂದು ಹಾಕಿ ಕೊಡ್ತೀನ್ರಿ ಅಕ್ಕಾರ, ಚಿಂತಿ ಬಿಡ್ರಿ." ಮೂರನೇದು ನಮ್ಮದ: "ಇರಲಿ ಬಿಡು, ಒಂದು ಕೋಲು ಆನಿಸಿ ತಕ್ಕೋತೀನಿ."

ಈ ಮೂರೂ ತಪ್ಪು. ಮೊದಲನೇದು ಸುಳ್ಳು, ಎರಡನೇದು ಆಲಸ್ಯ, ಮೂರನೇದು ಜೀವಕ್ಕ ಎರವು. ಅಕ್ಕಾರ, ವೈನಿಯವರ, ಓಣಿಯ ಕಾಕುಗಳ, ಇವತ್ತು ಮೂರಕ್ಕೂ ಒಂದೊಂದಾಗಿ ಉತ್ತರ ಕೊಡಬೇಕಂತ ಕೂತೀನಿ. ನಾ ಹೇಳೂದು ಇಷ್ಟ: ಪಿಸ್ಟನ್ ಅನ್ನೂದು ಹಲಗಿಯ ತೂಕಕ್ಕ, ಗಾದಿಯ ತೂಕಕ್ಕ, ಅದನ್ನ ದಿನಾ ಎತ್ತೂ ಕೈಗೆ ಹೊಂದಬೇಕು. ಆ ಕೈ ನಮ್ಮದು. ಹಂಗಿದ್ದ ಮ್ಯಾಲ ಅದರ ಅಳತಿನೂ ನಮಗ ಗೊತ್ತಿರಬೇಕು.

ಇಂಥಾ ಪಲ್ಲಂಗ ಯಾಕ ತಗೊಂಡ್ರಿ ಅಂತ ಕೇಳವರಿಗೆ ಮೊದಲ ಹೇಳಿಬಿಡ್ತೀನಿ. ಈಗಿನ ಮನಿಯೊಳಗ ಅಟ್ಟ ಇಲ್ಲ, ಮಾಡ ಇಲ್ಲ, ಖೋಲಿ ಸಣ್ಣು. ಅವ್ವ ಹೊಲಿದ ಕೌದಿ, ಚಳಿಗಾಲದ ರಗ್ಗು, ಬೀಗರು ಬಂದಾಗ ಹಾಸೂ ಜಮಖಾನ, ಗಣಪತಿ ಮಂಟಪದ ಸಾಮಾನು, ಇವನ್ನೆಲ್ಲಾ ಎಲ್ಲೆ ಇಡೋಣ? ಹಲಗಿ ಎತ್ತಿದ್ರ ಪೂರಾ ಪಲ್ಲಂಗನ ಒಂದು ಟ್ರಂಕು ಆಗ್ತದ. ಅನುಕೂಲದ ಸಾಮಾನ ಅದು, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಅನುಕೂಲ ಇರೂದು ಆ ಎರಡು ಪಿಸ್ಟನ್ ನೆಟ್ಟಗಿದ್ದಾಗ ಅಷ್ಟ.

ಹೆಸರು ಹೈಡ್ರಾಲಿಕ್ ಅಂತ ಇದ್ರೂ ಅದರೊಳಗ ಕೆಲಸ ಮಾಡೂದು ಗ್ಯಾಸು. ಸುತ್ತಲೂ ಮುಚ್ಚಿದ ಕಬ್ಬಿಣದ ಕೊಳವಿ, ಅದರೊಳಗ ಒತ್ತಿ ತುಂಬಿದ ನೈಟ್ರೋಜನ್, ಒಂದಷ್ಟು ಎಣ್ಣಿ, ಹೊರಗ ಬರೂ ನುಣುಪಾದ ಒಂದು ಸಲಾಕಿ. ಗ್ಯಾಸು ಸಲಾಕಿಯನ್ನ ಹೊರಗ ತಳ್ಳತದ, ಸಲಾಕಿ ಹಲಗಿಯನ್ನ ಮ್ಯಾಲ ತಳ್ಳತದ. ಎಣ್ಣಿಯ ಕೆಲಸ ಸೀಲು ಒಣಗದಂಗ ನೋಡ್ಕೊಳ್ಳೂದು, ಹಲಗಿ ಒಮ್ಮೆಲೆ ಹಾರದಂಗ ತಡಿಯೂದು. ಸಲಾಕಿ 8 ಮಿಲಿಮೀಟರ್ ದಪ್ಪ ಇದ್ದು ಅದರ ತಳ್ಳೂ ಬಲ 50 ಕೆಜಿ ತೂಕದಷ್ಟಿದ್ರ, ಒಳಗಿನ ಒತ್ತಡ ನಮ್ಮ ಅಡಿಗಿಮನಿ ಕುಕ್ಕರ್ ಸೀಟಿ ಹೊಡಿಯೂ ಮುಂದಿನ ಒತ್ತಡದ ಸುಮಾರು 100 ಪಟ್ಟು. ಕುಕ್ಕರಿನ ಮುಚ್ಚಳಕ್ಕ ನಾವು ಎಷ್ಟು ಅಂಜತೀವಿ ನೋಡ್ರಿ. ಇದಕ್ಕೂ ಅಷ್ಟ ಮರ್ಯಾದಿ ಕೊಡಬೇಕು. ಹಳೇದಾತಂತ ಅದನ್ನ ಕೊರಿಯೂದು, ಕಾಸೂದು, ಕಸದ ಜೋಡಿ ಸುಡೂದು ಯಾವತ್ತೂ ಮಾಡಬಾರದು. ಗುಜರಿಯವನಿಗೆ ಕೊಟ್ರ "ಒಳಗ ಗ್ಯಾಸ್ ಅದ" ಅಂತ ಬಾಯಿ ಬಿಟ್ಟು ಹೇಳಿ ಕೊಡ್ರಿ.

ಈಗ ಮೊದಲನೇ ಮಾತು. "ನೀ ಒಳಗ ತುಂಬಿದ್ದಕ್ಕ ಪಿಸ್ಟನ್ ಹೋತು." ಟ್ರಂಕಿನೊಳಗ ಕಲ್ಲು ತುಂಬ್ರಿ, ಮುಚ್ಚಳದ ತೂಕ ಹೆಚ್ಚಾಗ್ತದೇನು? ಕೌದಿ, ಜಮಖಾನ, ಹಿತ್ತಾಳಿ ಪಾತ್ರಿ ಎಲ್ಲಾ ಕೂತಿರೂದು ಕೆಳಗಿನ ತಳದ ಮ್ಯಾಲ. ಪಿಸ್ಟನ್ ಹೊರೂದು ಹಲಗಿಯನ್ನ, ಹಲಗಿ ಮ್ಯಾಲಿನ ಗಾದಿಯನ್ನ, ಗಾದಿ ಮ್ಯಾಲ ನಾವು ಬಿಟ್ಟಿರೂ ದಿಂಬು-ಹೊದಿಕಿಯನ್ನ. ಒಳಗಿನ ಸಾಮಾನಿನ ಒಂದು ಗುಂಜಿ ತೂಕನೂ ಅದರ ಮ್ಯಾಲ ಬೀಳೂದಿಲ್ಲ. ಹಲಗಿ ಮುಚ್ಚಲಾರದಷ್ಟು ತುರುಕಿ, ಮ್ಯಾಲ ಕೂತು ಒತ್ತಿ ಮುಚ್ಚಿದ್ರ ಬಿಜಾಗರಿ ಬಾಗಬಹುದು, ಅದು ಖರೆ. ಚೂಪು ಅಂಚಿನ ಡಬ್ಬಿ ಸಲಾಕಿಗೆ ತಾಗಿ ಗೀರು ಬಿದ್ರ ಸೀಲು ಹರಿತದ, ಅದೂ ಖರೆ. ಅಷ್ಟು ಬಿಟ್ರ ತುಂಬಿದ್ದಕ್ಕೂ ಪಿಸ್ಟನ್ ಸೋತಿದ್ದಕ್ಕೂ ಸಂಬಂಧ ಇಲ್ಲ.

ಹಂಗಾದ್ರ ಯಾಕ ಸೋಲ್ತದ? ಒಂದು, ವಯಸ್ಸು. ಎಷ್ಟ ಛಲೋ ಸೀಲಿದ್ರೂ ವರ್ಷಗಟ್ಟಲೆ ಚೂರು ಚೂರು ಗ್ಯಾಸು ಹೊರಗ ಹೋಗ್ತನ ಇರ್ತದ. ಎರಡು, ಸಲಾಕಿಯ ಮ್ಯಾಲಿನ ಗೀರು, ಜಂಗು, ಬಣ್ಣ. ಬಡಿಗ್ಯಾ ಪಾಲಿಶ್ ಹೊಡಿಯೂ ಮುಂದ ಸಲಾಕಿಗೂ ಒಂದು ಕೈ ಸವರಿ ಹೋಗ್ತಾನ. ಒಣಗಿದ ಪಾಲಿಶು ಸೀಲನ್ನ ಕೆರೆದು ಹಾಳು ಮಾಡ್ತದ. ಮೂರು, ಪಟ್ಟಿಯ ಸ್ಕ್ರೂ ಸಡಿಲಾಗಿ ಪಿಸ್ಟನ್ ಸೊಟ್ಟ ಕೂತು ಒಂದು ಬಾಜೂ ತಿಕ್ಕೂದು. ನಾಕು, ಗಾದಿ ಬದಲಿಸಿದ್ದು. ಈ ನಾಕನೇದನ್ನ ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ. ಬೆನ್ನುನೋವಂತ ಹಗುರ ಫೋಮಿನ ಗಾದಿ ತಗದು ಗಟ್ಟಿ ಕಾಯರು, ಲೇಟೆಕ್ಸು, ಇಲ್ಲಾ ಅರಳಿ ಗಾದಿ ಹಾಕ್ತೀವಿ. ಪಿಸ್ಟನ್ ಮಾತ್ರ ಹಳೇ ಗಾದಿಯ ತೂಕಕ್ಕ ಹಾಕಿದ್ದು. ಹೊಸಾ ಗಾದಿ ಬಂದ ವಾರದಾಗ ಹಲಗಿ ಬೀಳ್ತದ, ಬೈಗಳ ಕೌದಿಗೆ ಬೀಳ್ತಾವ. ಮುಂದಿನ ಸಲ ಯಾರರ ಹಂಗಂದ್ರ ಟ್ರಂಕಿನ ಮುಚ್ಚಳದ ಮಾತು ಕೇಳ್ರಿ, ಸುಮ್ನಾಗ್ತಾರ.

ಎರಡನೇ ಮಾತು, "ಜೋರಿಂದು ಹಾಕ್ತೀನಿ." ಕೇಳ್ಲಿಕ್ಕೆ ಎಷ್ಟು ಛಂದ! ಆದ್ರ ಚಪ್ಪಲಿ ಅಂಗಡಿಯವ "ಕಾಲಿಗೆ ಬಿಗಿ ಆಗೇದೇನು? ಇದ್ದದ್ದರೊಳಗ ದೊಡ್ಡದು ಕೊಡ್ತೀನಿ" ಅಂದಂಗ ಅದು. ಪಿಸ್ಟನ್ನಿಗೆ ಅಳತಿ ಅದ, ಕೊಳವಿಯ ಮ್ಯಾಲ ಬರದಿರ್ತಾರ. 800N, 1000N, 1200N ಹಿಂಗ. ಕೆಲವೊಂದರ ಮ್ಯಾಲ ಮುಂದ ಸೊನ್ನಿ ಹಾಕಿ 0800N ಅಂತ ಇರ್ತದ. N ಅಂದ್ರ ನ್ಯೂಟನ್, ತಳ್ಳೂ ಬಲದ ಅಳತಿ. ಮನಿ ಲೆಕ್ಕಕ್ಕ ಒಂದು ಸೊನ್ನಿ ತಗದು ಬಿಡ್ರಿ: 800N ಅಂದ್ರ ಹತ್ತತ್ರ 80 ಕೆಜಿ ತೂಕದಷ್ಟು ತಳ್ಳತದ.

"60 ಕೆಜಿ ಹಲಗಿಗೆ 80 ಕೆಜಿಯ ಎರಡು ಪಿಸ್ಟನ್ ಯಾಕ?" ಅಂತ ಕೇಳಬಹುದು. ಬೀಸೂಕಲ್ಲಿನ ಗೂಟ ಅಂಚಿಗೆ ಯಾಕ ಇರ್ತದ? ನಡುವಿನ ಹತ್ರ ಇದ್ರ ತಿರಗಸಲಿಕ್ಕೆ ದಮ್ಮು ಹತ್ತತದ, ಅದಕ್ಕ. ಪಲ್ಲಂಗದೊಳಗ ಪಿಸ್ಟನ್ನನ್ನ ಬಿಜಾಗರಿ ಹತ್ರನ ಕೂಡಿಸಿರ್ತಾರ, ಹಲಗಿ ಭಾರ ಮಾತ್ರ ನಡುವಿನೊಳಗ ಇರ್ತದ. ಒಂದು ಲೆಕ್ಕ ಹಾಕೋಣ. ಹಲಗಿ, ಗಾದಿ ಕೂಡಿ 60 ಕೆಜಿ. ತಲಿ ಕಡೆ ಬಿಜಾಗರಿ. ಭಾರದ ನಡು ಬಿಜಾಗರಿಯಿಂದ 100 ಸೆಂಟಿಮೀಟರ್ ದೂರ. 60ಕ್ಕ 100 ಗುಣಿಸಿದ್ರ 6000. ಪಿಸ್ಟನ್ ತಳ್ಳೂ ಗೆರಿ ಬಿಜಾಗರಿಯಿಂದ ನೆಟ್ಟಗ ಅಳದ್ರ 25 ಸೆಂಟಿಮೀಟರ್ ದೂರ. 6000ವನ್ನ 25ರಿಂದ ಭಾಗಿಸಿದ್ರ 240. ಎರಡು ಪಿಸ್ಟನ್ನಿಗೆ ಹಂಚಿದ್ರ ಒಂದೊಂದಕ್ಕ 120 ಕೆಜಿ, ಅಂದ್ರ 1200N. ಈಗ ಗಾದಿ ಬದಲಿಸಿ 12 ಕೆಜಿ ಕಡಿಮಿ ಆತು ಅನ್ರಿ. ಅದ ಲೆಕ್ಕದಾಗ 960N ಸಾಕು. ನೋಡ್ರಿ, ಬರೇ ಒಂದು ಗಾದಿ ಎಷ್ಟು ಫರಕು ಮಾಡ್ತದ! ಪಟ್ಟಿಯ ತೂತು ನಾಕು ಬೆರಳು ಆ ಕಡೆ ಈ ಕಡೆ ಹೋದ್ರೂ ಹಂಗ ಫರಕಾಗ್ತದ. ಹಲಗಿ ಏರಿದಂಗ ಈ ದೂರಗಳೂ ಬದಲಾಗ್ತಾವ, ಅದಕ್ಕ ಇದು ಅಂದಾಜಿನ ಲೆಕ್ಕ. ಆದ್ರ "ಜೋರಿಂದು" ಅನ್ನೂದಕ್ಕಿಂತ ಸಾವಿರ ಪಾಲು ಛಲೋ.

ಜೋರಿಂದು ಹಾಕಿದ್ರ ಏನಾಗ್ತದ ಅನ್ನೂದನ್ನ ನಮ್ಮ ಓಣಿಯ ಕಾಕು ಒಬ್ರ ಮನಿಯೊಳಗ ನೋಡೀನಿ. ವಯಸ್ಸು ಎಪ್ಪತ್ತರ ಮ್ಯಾಲ, ಮೈ ಹಗುರ. ಅಂಗಡಿಯವ ಗಾದಿಯ ತೂಕ ಕೇಳಲಿಲ್ಲ, ಹಳೇ ಪಿಸ್ಟನ್ನಿನ ಮ್ಯಾಲಿನ ಅಂಕಿ ಓದಲಿಲ್ಲ, ಇದ್ದದ್ದರೊಳಗ ಜೋರಿಂದು ಹಾಕಿ ರೊಕ್ಕ ಇಸಗೊಂಡು ಹೋದ. ಹಲಗಿ ಎತ್ತೂದು ಹಗುರಾತು, ಮುಚ್ಚೂದು ಆಗಲಿಲ್ಲ. ಆ ಕಾಕು ಹಲಗಿ ಅಂಚಿಗೆ ಜೋತು ಬಿದ್ದು, ಆಮ್ಯಾಲ ಅದರ ಮ್ಯಾಲ ಕೂತು ಮುಚ್ಚಬೇಕು. ಚಾದರ ಬದಲಸಲಿಕ್ಕೆ ಗಾದಿ ಸರಿಸಿದ್ರ ಹಲಗಿ ತಾನ ಏಳತದ. ಆರು ತಿಂಗಳಿಗೆ ಭೂಸಾ ಹಲಗಿಯೊಳಗಿನ ಸ್ಕ್ರೂ ಕಿತ್ತು ಬಂದ್ವು. ಆಗ ಅದ ಮನಷ್ಯಾ ಬಂದು, "ನಿಮ್ಮ ಪಲ್ಲಂಗನ ಹಳೇದಾಗ್ಯಾವ್ರಿ, ಹೊಸಾದು ತಗೋರಿ" ಅಂದ. ಇದು ದುರುಸ್ತಿ ಅಲ್ಲ, ಹೊಸಾ ಪಲ್ಲಂಗ ಮಾರೂ ದಾರಿ. ಸೋತ ಪಿಸ್ಟನ್ ಹಲಗಿ ಬೀಳಿಸ್ತದ, ಮಿತಿ ಮೀರಿದ ಪಿಸ್ಟನ್ ಹಲಗಿ ಹರಿತದ. ಎರಡೂ ನಮಗ ಬ್ಯಾಡ.

ಇನ್ನ ಮೂರನೇ ಮಾತು, ನಮ್ಮದು. "ಕೋಲು ಆನಿಸಿ ತಕ್ಕೋತೀನಿ." ಇದನ್ನ ಸಿಟ್ಟಿನಿಂದ ಅಲ್ಲ, ಸಂಕಟದಿಂದ ಬರೀತೀನಿ. 2024ರ ಜೂನ್ ತಿಂಗಳೊಳಗ ಇಂಗ್ಲೆಂಡಿನ ಡರ್ಹಮ್ ಸೀಮಿಯೊಳಗ ಒಬ್ಬ ತಾಯಿ ಇಂಥಾದ್ದ ಪಲ್ಲಂಗದೊಳಗ ಬಗ್ಗಿದ್ಲು. ಹಲಗಿ ಒಮ್ಮೆಲೆ ಕೆಳಗ ಬಂತು. ಆಕಿ ಕುತ್ತಿಗಿ ಹಲಗಿಗೂ ಪಲ್ಲಂಗದ ಅಂಚಿಗೂ ನಡುವ ಸಿಕ್ಕಿತು, ಬಿಡಿಸಿಕೊಳ್ಳಲಿಕ್ಕೆ ಆಗಲಿಲ್ಲ, ಉಸಿರುಗಟ್ಟಿ ಜೀವ ಹೋತು. ಸಾವಿನ ವಿಚಾರಣಿ ಮಾಡಿದ ಅಧಿಕಾರಿ ಕಂಡುಕೊಂಡದ್ದು: ಎರಡು ಪಿಸ್ಟನ್ನಿನೊಳಗ ಒಂದು ಕೆಟ್ಟಿತ್ತು. ಇಂಥಾ ಪಲ್ಲಂಗದಿಂದ ಮುಂದೂ ಸಾವಾಗೂ ಅಪಾಯ ಅದ ಅಂತ ಆತ ಅಲ್ಲಿನ ಸರಕಾರಕ್ಕ ಬರದು ಎಚ್ಚರಿಸಿದ.

ಒಂದು ಪಿಸ್ಟನ್. ಇನ್ನೊಂದು ನೆಟ್ಟಗಿತ್ತು. "ಒಂದು ಹೋದ್ರೇನಾತು, ಇನ್ನೊಂದು ಅದಲ್ಲ" ಅಂತ ನಮ್ಮೊಳಗ ಎಷ್ಟು ಮಂದಿ ಅಂತೀವಿ? ಕೋಲು ಅನ್ನೂದು ನುಣುಪಾದ ಪ್ಲೈವುಡ್ ಮ್ಯಾಲ ಜಾರ್ತದ. ಲಟ್ಟಣಗಿ ಉರುಳ್ತದ. ಅಂಚಿನ ತುದಿಗೆ ಮೂವತ್ತು ಕೆಜಿ ಭಾರ, ಅದರ ಬಾಯೊಳಗ ನಮ್ಮ ತಲಿ, ಮನಿಯೊಳಗ ಯಾರೂ ಇಲ್ಲದ ಮಧ್ಯಾಹ್ನದ ಹೊತ್ತು. ಸಾಕ್ರಿ. ಪಿಸ್ಟನ್ ಸೋತದ್ದು ಗೊತ್ತಾದ ದಿನಾನ ಆ ಪಲ್ಲಂಗ ಬರೇ ಮಲಗೂದಕ್ಕ. ಹೊಸಾವು ಬರೂ ತನಕ ಹಲಗಿ ಎತ್ತಬ್ಯಾಡ್ರಿ. ಹುಡುಗರು ಕಣ್ಣಾಮುಚ್ಚಾಲಿ ಆಡ್ತ ಆ ಪೆಟಿಗಿಯೊಳಗ ಅಡಗೂದನ್ನಂತೂ, ಪಿಸ್ಟನ್ ಹೊಸಾದಿದ್ರೂ, ಯಾವತ್ತೂ ಬಿಡಬ್ಯಾಡ್ರಿ.

ಸೋತದ್ದು ಹೆಂಗ ಗೊತ್ತಾಗ್ತದ? ಹಲಗಿ ಎತ್ತಿ ನಿಲ್ಲಿಸಿದ್ರ ಒಂದು ಬಾಜೂ ವಾಲತದ. ಮೊದಲು ತಾನ ಏಳತಿದ್ದ ಎತ್ತರದೊಳಗ ಈಗ ನಿಲ್ಲೂದಿಲ್ಲ. ಸಲಾಕಿಯ ಬುಡದಾಗ ಎಣ್ಣಿ ಹಸಿ ಕಾಣ್ತದ. ತಗದ ಮ್ಯಾಲ ಸಲಾಕಿಯನ್ನ ಕೈಯಿಂದ ಒತ್ತಿದ್ರ ಒಳಗ ಹೋತು ಅಂದ್ರ ಅದು ಸತ್ತಂಗ. ಜೀವ ಇದ್ದ ಪಲ್ಲಂಗದ ಪಿಸ್ಟನ್ ನಮ್ಮ ನಿಮ್ಮ ಕೈಗೆ ಜಗ್ಗೂದಿಲ್ಲ.

ಹೊಸಾದು ತರೂ ಮುಂದ ನಾಕು ಸಂಗತಿ ಚೀಟಿಯೊಳಗ ಬರಕೊಂಡು ಹೋಗ್ರಿ. ಒಂದು, ಹಳೇದರ ಮ್ಯಾಲಿನ N ಅಂಕಿ. ಎರಡು, ಪೂರ್ತಿ ಚಾಚಿದಾಗ ಈ ತುದಿಯ ತೂತಿನ ನಡುವಿನಿಂದ ಆ ತುದಿಯ ತೂತಿನ ನಡುವಿನ ತನಕ ಉದ್ದ. ಮೂರು, ಸಲಾಕಿ ಎಷ್ಟು ಒಳಗ ಹೋಗ್ತದ ಅನ್ನೂ ಅಳತಿ. ನಾಕು, ತುದಿ ಎಂಥಾದ್ದು: ಗುಂಡು ಕೂಡೂ ಬಟ್ಟಲೋ, ಬೋಲ್ಟು ಹಾಕೂ ಬಳಿಯೋ. ಉದ್ದ ಹೆಚ್ಚಾದ್ರ ಹಲಗಿ ಪೂರಾ ಮುಚ್ಚೂದಿಲ್ಲ, ಪಟ್ಟಿ ಕಿತ್ತ ಬರ್ತದ. ಕಡಿಮಿ ಆದ್ರ ಪೂರಾ ಏಳೂದಿಲ್ಲ. ಉದ್ದ, ಬಣ್ಣ, ದಪ್ಪ ಎಲ್ಲಾ ಒಂದ ಥರ ಇದ್ದ ಎರಡು ಪಿಸ್ಟನ್ನಿನ ಬಲ ಬ್ಯಾರೆ ಬ್ಯಾರೆ ಇರಬಹುದು. ಅಮೆರಿಕಾ, ಯುರೋಪದೊಳಗ ಮಲಗೂದು, ಅಡಿಗಿ ಎಲ್ಲಾ ಒಳಗ ಇರೂ ಗಾಡಿ ಕಟಗೊಂಡು ತಿರಗವರಿಗೆ ಇದು ಛಲೋ ಗೊತ್ತು. ಆ ಗಾಡಿಯೊಳಗ ಸಾಮಾನಿನ ಸಣ್ಣ ಬಾಗಲಕ್ಕೂ ಪಿಸ್ಟನ್, ಎತ್ತೂ ಹಾಸಿಗಿಗೂ ಪಿಸ್ಟನ್. ಬಾಗಲದ್ದನ್ನ ಹಾಸಿಗಿಗೆ ಹಾಕಿದ್ರ ಹಲಗಿ ಬೀಳ್ತದ, ಹಾಸಿಗಿದ್ದನ್ನ ಬಾಗಲಕ್ಕ ಹಾಕಿದ್ರ ಬಾಗಲಾನ ಬಾಗ್ತದ. ಅದಕ್ಕ ಅವರು ಹೊಸಾದು ಕೊಳ್ಳೂ ಮುಂದ ಹಳೇದರ ಮ್ಯಾಲಿನ ಅಂಕಿ ಓದತಾರ. ನಮಗೇನು ಓದಲಿಕ್ಕೆ ಬರೂದಿಲ್ಲೇನು?

ಗಾದಿ ಬದಲಾಗಿದ್ರ ಹಳೇ N ಅಂಕಿ ಉಪಯೋಗಿಲ್ಲ, ತೂಕ ತಗೀಬೇಕು. ಊರಿಗೆ ಹೋಗೂ ಮುಂದ ಬ್ಯಾಗು ತೂಗೂ ಕೊಕ್ಕಿ ತಕ್ಕಡಿ ಮನಿಯೊಳಗ ಇರ್ತದಲ್ಲ, ಅದು ಸಾಕು. ಪಿಸ್ಟನ್ ಬಿಚ್ಚಿದ ಮ್ಯಾಲ, ಗಾದಿ ಸಮೇತ ಹಲಗಿಯ ಬಿಡು ಅಂಚಿನ ನಡುವಿಗೆ ಕೊಕ್ಕಿ ಸಿಗಿಸಿ ಎರಡ ಬೆರಳು ಎತ್ತಿಸ್ರಿ. ಬಂದ ತೂಕದ ಎರಡು ಪಟ್ಟು ಪೂರಾ ಭಾರ, ಯಾಕಂದ್ರ ಉಳಿದರ್ಧ ಬಿಜಾಗರಿ ಹೊತ್ತಿರ್ತದ. ತಕ್ಕಡಿಯ ಮಿತಿ ನೋಡ್ಕೊಂಡು, ಇಬ್ಬರು ಕೂಡೇ ಮಾಡ್ರಿ, ಕೆಳಗ ಕೈ ಹಾಕಬ್ಯಾಡ್ರಿ. ಆ ತೂಕದ ಜೋಡಿ ಪಟ್ಟಿಯ ಅಳತಿ ಕೊಟ್ರ ತಿಳುವಳಿಕಿ ಇದ್ದ ಅಂಗಡಿಯವ ಸರಿಯಾದ್ದು ಕೊಡ್ತಾನ. ತಕ್ಕೊಂಡ ಮ್ಯಾಲ ಪರೀಕ್ಷಾ ಮಾಡಬೇಕಾದಾಕಿ ಮನಿಯೊಳಗ ದಿನಾ ಹಲಗಿ ಎತ್ತಾಕಿ, ಮೀಸಿ ಇದ್ದವರಲ್ಲ. ಆಕಿಗೆ ಒಂದು ಕೈಯಿಂದ ಎತ್ತಲಿಕ್ಕೆ ಬರಬೇಕು, ಪೂರಾ ತೆರದಾಗ ಹಲಗಿ ಅಲಗಾಡದ ನಿಲ್ಲಬೇಕು, ಜೋತು ಬೀಳದ ಮುಚ್ಚಲಿಕ್ಕೆ ಬರಬೇಕು. ಮೂರೂ ಆದ್ರ ಅಷ್ಟ ರೊಕ್ಕ.

ಚಳಿಯ ಮಾತೂ ಒಂದದ. ಗ್ಯಾಸು ತಂಪಾದ್ರ ಅದರ ಬಲ ಇಳೀತದ, ಒಂದು ಡಿಗ್ರಿಗೆ ನೂರಕ್ಕ ಮೂರನೇ ಒಂದು ಪಾಲಿನಷ್ಟು. ಬ್ಯಾಸಗಿ 38 ಡಿಗ್ರಿಯೊಳಗ ಸರಿ ಇದ್ದದ್ದು ಚಳಿಗಾಲದ ಮುಂಜಾನೆ 15 ಡಿಗ್ರಿಯೊಳಗ ನೂರಕ್ಕ ಏಳೆಂಟು ಪಾಲು ಸೋತಿರ್ತದ. ಕಾರಿನ ಡಿಕ್ಕಿ ಚಳಿಯೊಳಗ ತಲಿ ಮ್ಯಾಲ ಬೀಳೂದೂ ಇದಕ್ಕ, ಅಲ್ಲಿರೂದೂ ಇಂಥಾದ್ದ ಪಿಸ್ಟನ್. ಹಳೇ ಪಿಸ್ಟನ್ನಿನ ಬಗ್ಗೆ ಅನುಮಾನ ಇದ್ರ ಮುಂಜಾನೆ ಥಂಡಿಯೊಳಗ ನೋಡ್ರಿ, ಮಧ್ಯಾಹ್ನದ ಬಿಸಲಿನಾಗ ನೋಡಿ "ಸರಿ ಅದ" ಅನಬ್ಯಾಡ್ರಿ.

ಬದಲಿಸೂದು ಯಾವಾಗಲೂ ಜೋಡಿ. ಒಂದು ಹೊಸಾದು, ಒಂದು ಹಳೇದು ಇದ್ರ ಹಲಗಿ ತಿರುಚತದ, ಹೊಸಾದೂ ಬೇಗ ಹೋಗ್ತದ. ಬಿಚ್ಚೂ ಮುಂದ ಗಾದಿ ಕೆಳಗ ಇಳಿಸ್ರಿ, ಹಲಗಿ ಪೂರಾ ತೆರೀರಿ, ಒಬ್ರು ಗಟ್ಟಿ ಹಿಡೀಲಿ, ಜಾರದಂಥಾ ಆಸರಾನೂ ಇರಲಿ, ಆಮ್ಯಾಲ ಒಂದಾದ ಮ್ಯಾಲ ಒಂದು ಬಿಚ್ಚಿ ಹಾಕ್ರಿ. ಸಲಾಕಿಯನ್ನ ಇಕ್ಕಳದಿಂದ ಹಿಡಿಸಬ್ಯಾಡ್ರಿ. ಆದಷ್ಟು ಸಲಾಕಿ ತುದಿ ಕೆಳಮಖಾ ಇರಲಿ, ಎಣ್ಣಿ ಸೀಲಿನ ಕಡೆ ನಿಲ್ತದ. ಹೊಸಾವು ಕೂತ ಮ್ಯಾಲ ಗಾದಿ ಹಾಕದ ಮುಚ್ಚಲಿಕ್ಕೆ ಹೋಗಬ್ಯಾಡ್ರಿ.

"ಇಷ್ಟೆಲ್ಲಾ ನಮಗ್ಯಾಕ, ಮನಿ ಗಂಡಸರು ನೋಡ್ಕೋತಾರ" ಅನ್ನೂ ವೈನಿಯವರಿಗೆ ಒಂದ ಪ್ರಶ್ನಿ. ಮಧ್ಯಾಹ್ನ ಮೂರಕ್ಕ ಬೀಗರು ಬಂದು ಬಾಗಲ ಬಡದಾಗ ಜಮಖಾನ ತಗಿಯಾಕಿ ಯಾರು? ಯಾರ ತಲಿ ಆ ಹಲಗಿ ಕೆಳಗ ಹೋಗ್ತದೋ ಆಕಿಗೆ ಅಂಕಿ ಗೊತ್ತಿರಬೇಕು. ಅಂಗಡಿಯವರೂ ಹೊಸಾ ಪಲ್ಲಂಗ ಮಾರೂ ಮುಂದ "ಇಷ್ಟು ಕೆಜಿ ಗಾದಿ ತನಕ, ಪಿಸ್ಟನ್ ಇಷ್ಟು N" ಅಂತ ಬಿಲ್ಲಿನ ಮ್ಯಾಲ ಬರದು ಕೊಡಲಿ. ಕೊಡೂದಿಲ್ಲ ಅಂದ್ರ ಮುಂದಿನ ಅಂಗಡಿಗೆ ನಡೀರಿ. ಹತ್ತು ಮಂದಿ ಹೆಣ್ಣಮಕ್ಕಳು ಕೇಳಿದ್ರ ಹನ್ನೊಂದನೆಯಾಕಿಗೆ ಕೇಳದನ ಬರದು ಕೊಡ್ತಾರ.

ಇವತ್ತು ಸಂಜೀಕ ನಿಮ್ಮ ಪಲ್ಲಂಗದ ಹತ್ರ ಹೋಗ್ರಿ. ಜೋಡಿ ಯಾರನ್ನರ ನಿಲ್ಲಿಸ್ಕೊಂಡು ಹಲಗಿ ಎತ್ತಿಸಿ ಗಟ್ಟಿ ಹಿಡಿಸ್ರಿ, ತಲಿ ಒಳಗ ಹಾಕದ ಹೊರಗಿಂದನ ಕೊಳವಿಯ ಮ್ಯಾಲಿನ ಅಂಕಿಯ ಫೋಟೋ ತಗದು ಇಟಗೋರಿ. ನಾಳೆ ಯಾರರ "ಜೋರಿಂದು ಹಾಕ್ತೀನ್ರಿ ಅಕ್ಕಾರ" ಅಂದ್ರ, "ಜೋರಂದ್ರ ಎಷ್ಟು ನ್ಯೂಟನ್ನಪಾ?" ಅಂತ ಕೇಳ್ರಿ.